ಎಂಟನೆಯ ಚಿತ್ರದ ಕಣ್ಣು

ಬಹಳ ವರ್ಷ ಇನ್ನೊಬ್ಬರನ್ನು ಪರೀಕ್ಷೆ ಮಾಡುತ್ತ ಕೂತವನಿಗೆ ತಾನೂ ಪರೀಕ್ಷೆಗೆ ಕೂಡಬೇಕಾದೀತು ಎಂಬ ಭಯವೇ ಹೊರಟುಹೋಗಿರುತ್ತದೆ. ನನಗಂತೂ ಹೋಗಿತ್ತು. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರಾಗಿದ್ದ ನಾನು ದಿನವಿಡೀ ಜನರನ್ನು ಕುರ್ಚಿಯ ಮೇಲೆ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಅಕ್ಷರ ಓದಿಸುತ್ತಿದ್ದೆ. ಓದಿದವರು ಪಾಸು, ಓದದವರು ಫೇಲು. ಎದುರು ಮಾತನಾಡುವವರಿರಲಿಲ್ಲ, ಮನೆಯಲ್ಲಿ ಹೆಂಡತಿ ಶಾಂತಾ ಒಬ್ಬಳನ್ನು ಬಿಟ್ಟರೆ. ಹೀಗೆ ಸುಖವಾಗಿದ್ದವನಿಗೆ ಎಂಬತ್ತರ ದಶಕದ ಕೊನೆಯಲ್ಲಿ, ನಲವತ್ತು ತುಂಬಲು ಒಂದೇ ವರ್ಷ ಬಾಕಿ ಇರುವಾಗ, ಹೊರದೇಶಕ್ಕೆ ಹೋಗಿ ಕಲಿತು ಬರುವ ಹುಚ್ಚು ಹಿಡಿಯಿತು.

ಹುಚ್ಚಿಗೆ ಕಾರಣವಿತ್ತು. ಸಿಂಧನೂರಿನ ಕಡೆ ಕಾಲುವೆ ನೀರು ಬಂದಮೇಲೆ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಭತ್ತ ಬಡಿಯುವ ರಾಶಿಯ ಕಾಲಕ್ಕೆ ಗರಿಯೋ ಹೊಟ್ಟೋ ಕಣ್ಣಿಗೆ ಬಡಿಯುವುದು, ಅದಕ್ಕೆ ಯಾರೋ ಹರಳೆಣ್ಣೆ ಬಿಡುವುದು, ಗಾಯ ಮಾಗಿ ಕರಿಗುಡ್ಡೆಯ ಮೇಲೆ ಬಿಳಿ ಕಲೆ ನಿಲ್ಲುವುದು ಮಾಮೂಲಾಯಿತು. ಇದಕ್ಕೆ ಜನ ಕಣ್ಣಿಗೆ ಹೂ ಬಿತ್ತು ಎನ್ನುತ್ತಾರೆ. ಆ ಕಲೆಯ ಜಾಗದಲ್ಲಿ ಸತ್ತವರ ಕಣ್ಣಿನ ಪಾರದರ್ಶಕ ಪೊರೆಯನ್ನು ತಂದು ಕೂಡಿಸುವ ವಿದ್ಯೆ ನನಗೆ ಗೊತ್ತಿರಲಿಲ್ಲ. ಮುಪ್ಪಿನಲ್ಲಿ ಬರುವ ಪೊರೆ ತೆಗೆಯುವ ಆಪರೇಷನ್ ಎಷ್ಟೋ ಮಾಡಿದ್ದೆ, ಆದರೆ ಹೂ ಬಿದ್ದವರು ಬಂದರೆ ನೋಡಿ, ತಲೆ ಅಲ್ಲಾಡಿಸಿ, ಕಳಿಸುತ್ತಿದ್ದೆ. ಹಾಗೆ ಕಳಿಸಿದ ಮೇಲೆ ಮಧ್ಯಾಹ್ನದ ಊಟ ರುಚಿಸುತ್ತಿರಲಿಲ್ಲ ಎಂದರೆ ನೀವು ನಂಬಬೇಕು. ಊಟ ಬಿಡುತ್ತಿದ್ದೆ ಎಂದರೆ ಶಾಂತಾ ನಂಬುವುದಿಲ್ಲ.

ಅದೊಂದೇ ವಿದ್ಯೆಯನ್ನು ಒಂದು ವರ್ಷ ಕಲಿಸುವ ಹೊರದೇಶದ ಆಸ್ಪತ್ರೆಯೊಂದರ ಅರ್ಜಿ ತರಿಸಿದೆ. ಅರ್ಜಿಗಿಂತ ಅದರ ಜೊತೆ ಬಂದ ನಿಯಮಗಳ ಪುಸ್ತಕವೇ ದಪ್ಪಗಿತ್ತು. ನಲವತ್ತು ತುಂಬಿದವರು ಅರ್ಜಿ ಹಾಕುವಂತಿಲ್ಲ. ಮೊದಲು ಒಂದು ಲಿಖಿತ ಪರೀಕ್ಷೆ. ಅದರಲ್ಲಿ ಪಾಸಾದರೆ ಮದ್ರಾಸಿನಲ್ಲಿ ಮೌಖಿಕ. ಅಲ್ಲಿ ಪರದೆಯ ಮೇಲೆ ರೋಗದ ಕಣ್ಣುಗಳ ಚಿತ್ರ ತೋರಿಸುತ್ತಾರೆ, ನೋಡಿ ಹೆಸರು ಹೇಳಬೇಕು. ನನಗೆ ಇಂಗ್ಲಿಷು ತಿಳಿಯುತ್ತದೆ ಎಂಬುದಕ್ಕೆ ಬೇರೆ ಪರೀಕ್ಷೆ. ಅದಕ್ಕೆ ಕ್ಯಾಸೆಟ್ಟು ತಂದು ದಿನಾ ಬೆಳಿಗ್ಗೆ ಕೇಳಿದೆ. ಅದರಲ್ಲಿನ ದೊರೆಸಾನಿ ಹವಾಮಾನದ ಬಗ್ಗೆ ಮೂಗಿನಲ್ಲಿ ಏನೋ ಹೇಳಿ ಮುಗಿಸುವಷ್ಟರಲ್ಲಿ ನಾನು ಮೊದಲನೆಯ ವಾಕ್ಯದಲ್ಲೇ ಇರುತ್ತಿದ್ದೆ. ಕೊನೆಗೆ, ನನ್ನ ಕಣ್ಣು ಚೆನ್ನಾಗಿವೆ ಎಂದು ಇನ್ನೊಬ್ಬ ಕಣ್ಣಿನ ಡಾಕ್ಟರು ಬರೆದುಕೊಡಬೇಕು. ನಮ್ಮೂರಿನಲ್ಲಿ ಇನ್ನೊಬ್ಬರು ಯಾರಿದ್ದಾರೆ? ರಾಯಚೂರಿಗೆ ಹೋಗಿ ಗೆಳೆಯನ ಮುಂದೆ ಕೂತೆ. ಅವನ ಗೋಡೆಯ ಮೇಲೂ ನನ್ನದೇ ಚಾರ್ಟು. ಗಡಗಡ ಹೇಳಿ ಮುಗಿಸಿದೆ, ಅವನು ಸಹಿ ಹಾಕಿದ. ವಾಪಸು ಬರುವಾಗ ಬಸ್ಸಿನಲ್ಲಿ, ನಾನು ಅದನ್ನು ಓದಿದೆನೋ ಅಥವಾ ಬಾಯಿಗೆ ಬಂದದ್ದನ್ನು ಹೇಳಿದೆನೋ ಎಂಬ ಸಣ್ಣ ಅನುಮಾನ ಬಂತು. ಚಹಾಕ್ಕೆ ಬಸ್ಸು ನಿಂತಾಗ ಅದನ್ನು ಅಲ್ಲೇ ಬಿಟ್ಟು ಹತ್ತಿದೆ.

ಲಿಖಿತ ಪರೀಕ್ಷೆಯಲ್ಲಿ ಹೇಗೋ ಪಾಸಾದೆ. ಮೌಖಿಕಕ್ಕೆ ಮೂರು ತಿಂಗಳಿತ್ತು. ಆಗ, ಹಿಂದಿನ ವರ್ಷ ಅದಕ್ಕೆ ಕೂತಿದ್ದ ಸಹಪಾಠಿಯೊಬ್ಬ ಒಂದು ನೋಟ್‌ಬುಕ್ಕು ಕಳಿಸಿದ. ಇಪ್ಪತ್ತು ಚಿತ್ರಗಳು, ವರ್ಷ ವರ್ಷವೂ ಅವೇ, ಅದೇ ಕ್ರಮದಲ್ಲಿ. ಒಂದೊಂದರ ಮುಂದೆ ರೋಗದ ಹೆಸರು, ಲಕ್ಷಣ, ಚಿಕಿತ್ಸೆ. ಇದು ತಪ್ಪಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ, ಒಂದು ಸಲ. ಮರುದಿನದಿಂದ ಶಾಂತಾ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತ ಅಂಕಿ ಹೇಳುವುದು, ನಾನು ರೋಗ ಹೇಳುವುದು ಶುರುವಾಯಿತು. ತಿಂಗಳೊಪ್ಪತ್ತಿನಲ್ಲಿ ಅವಳಿಗೂ ಬಾಯಿಪಾಠವಾಗಿ, ನಾನು ತಡವರಿಸಿದರೆ ಅವಳೇ ಮುಂದುವರಿಸುತ್ತಿದ್ದಳು.

ಅದೇ ದಿನಗಳಲ್ಲಿ ಬಸ್ ಡ್ರೈವರುಗಳ ಕಣ್ಣಿನ ತಪಾಸಣೆ ಬಂತು. ಆಸ್ಪತ್ರೆಗೆ ಸುಣ್ಣ ಹೊಡೆದಿದ್ದರು. ನಮ್ಮ ಕಾಂಪೌಂಡರು ಚಾರ್ಟನ್ನು ಎದುರು ಗೋಡೆಗೆ ಹಾಕಿ, ಅದರ ಹಳೆಯ ಜಾಗದಲ್ಲಿ ಕುಟುಂಬ ಯೋಜನೆಯ ಪೋಸ್ಟರು ಹಚ್ಚಿದ್ದ. ಕುರ್ಚಿಯನ್ನು ಇನ್ನೂ ತಿರುಗಿಸಿರಲಿಲ್ಲ. ಮೊದಲು ಬಂದವನು ಗುರುಗುಂಟಾದ ಅಮರಪ್ಪ. ಮಸ್ಕಿಯ ಮೇಲೆ ಸಿಂಧನೂರಿಗೆ ಹೋಗುವ ಬೆಳಗಿನ ಬಸ್ಸಿನ ಡ್ರೈವರು. ನಾನು ಹೇಳುವ ಮೊದಲೇ, ಬಾಗಿಲಲ್ಲೇ ಎಡಗಣ್ಣು ಮುಚ್ಚಿಕೊಂಡು, ತಡವುತ್ತ ಬಂದು ಕುರ್ಚಿಯಲ್ಲಿ ಕೂತ. "ಪ, ರ, ಗ, ಟ, ಲ" ಎಂದು ಶುರುಮಾಡಿ, ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳವರೆಗೂ ಒಂದು ತಪ್ಪಿಲ್ಲದೆ ಒಪ್ಪಿಸಿದ. ಎದುರಿಗೆ ಪೋಸ್ಟರಿನ ಗಂಡ ಹೆಂಡತಿ ಎರಡು ಮಕ್ಕಳನ್ನು ಎತ್ತಿಕೊಂಡು ನಗುತ್ತಿದ್ದರು.

ಕಾಂಪೌಂಡರು ಹೊರಗೋಡಿ ಹೋಗಿ ನಕ್ಕ. ನಾನು ಮಾತ್ರ ಗಂಭೀರವಾಗಿ, "ಅಮರಪ್ಪ, ಬಾಯಿಂದ ಅಲ್ಲ, ಕಣ್ಣಿಂದ ಓದಬೇಕು" ಎಂದೆ. ಆ ಮಾತು ನನಗೇ ಬಹಳ ಹಿಡಿಸಿ, ಇನ್ನೊಮ್ಮೆ ಹೇಳಿದೆ.

ಟಾರ್ಚು ಹಾಕಿ ನೋಡಿದರೆ ಬಲಗಣ್ಣಿನ ನಡುವೆ ಹೂ. ಹಿಂದಿನ ಸುಗ್ಗಿಗೆ ರಜೆ ಹಾಕಿ ಸಾಲಗುಂದದ ಮಾವನ ಮನೆಗೆ ಹೋದವನು ರಾಶಿಗೆ ನಿಂತಿದ್ದನಂತೆ. ಡಿಪೋದಲ್ಲಿ ಚಾರ್ಟಿನ ಅಕ್ಷರಗಳನ್ನು ಬರೆದಿಟ್ಟ ಚೀಟಿಯೇ ಇದೆಯಂತೆ, ಹಳಬರು ಹೊಸಬರಿಗೆ ಕೊಡುವುದು ಪದ್ಧತಿಯಂತೆ. ನನ್ನ ಟೇಬಲ್ಲಿನ ಖಾನೆಯಲ್ಲಿ ನನ್ನ ನೋಟ್‌ಬುಕ್ಕೂ ಇತ್ತು. ಆದರೆ ಆ ಹೊತ್ತಿನಲ್ಲಿ ಅದರ ನೆನಪೇ ಆಗಲಿಲ್ಲ. ನ್ಯಾಯ ಹೇಳಲು ಕೂತಾಗ ಇಂಥವು ನೆನಪಾಗುವುದಿಲ್ಲ. ಒಂದು ಕಣ್ಣಿನವನ ಕೈಗೆ ಬಸ್ಸು ತುಂಬ ಜನರನ್ನು ಕೊಡಲಾಗದು. ಅನರ್ಹ ಎಂದು ಬರೆದೆ. ಅವನನ್ನು ಡಿಪೋದಲ್ಲಿ ಟೈರಿಗೆ ಗಾಳಿ ತುಂಬುವ ಕೆಲಸಕ್ಕೆ ಹಾಕಿದರು.

ವಾರದ ಮೇಲೆ ಅಮರಪ್ಪ ಮನೆಗೇ ಬಂದ. ಜಗಳಕ್ಕೆ ಬಂದಿದ್ದಾನೆಂದು ನಾನು ಒಳಗಿನಿಂದಲೇ ಕೆಮ್ಮಿದೆ.

"ನೀವು ಬರದದ್ದು ತಪ್ಪು ಅನ್ನಂಗಿಲ್ರಿ ಸಾಹೇಬ್ರ" ಎಂದ ಅವನು, ಕಟ್ಟೆಯ ಮೇಲೆ ಕೂತು. "ಆದ್ರ ಇಪ್ಪತ್ತು ವರ್ಷ ಗಾಡಿ ಓಡಿಸೀನ್ರಿ, ಒಂದು ಕೋಳಿ ಸೈತ ನನ್ನ ಗಾಲಿಗೆ ಬಂದಿಲ್ಲ. ಈಗ ನನ್ನ ಗಾಡಿ ಇನ್ನೊಬ್ಬ ತಗೊಂಡು ಹೊಂಟಾನ, ನಾ ಅದರ ಗಾಲಿಗೆ ಗಾಳಿ ತುಂಬಾಕತ್ತೀನಿ. ಇದಕ್ಕ ಇಲಾಜ್ ಐತೇನ್ರಿ ಇಲ್ಲೋ, ಅಷ್ಟು ಹೇಳ್ರಿ."

ಇದೆ, ಅದನ್ನು ಕಲಿಯುವುದಕ್ಕೇ ಹೋಗುತ್ತಿದ್ದೇನೆ ಎಂದೆ. ಅವನು ನನ್ನನ್ನು ಒಂದೇ ಕಣ್ಣಿನಲ್ಲಿ ದೀರ್ಘವಾಗಿ ನೋಡಿದ. "ಹಂಗಾದ್ರ ಲಗೂ ಹೋಗಿ ಕಲ್ತು ಬರ್ರಿ. ಮೊದಲ ನಂಬರ್ ನಂದು ಬರಕೊಳ್ರಿ." ಶಾಂತಾ ನಿಜವಾಗಿಯೂ ಕ್ಯಾಲೆಂಡರಿನ ಹಿಂದೆ ಅವನ ಹೆಸರು ಬರೆದಳು. ಅಂದಿನಿಂದ ಅವನು ವಾರಕ್ಕೊಮ್ಮೆ ಬಂದು ನನ್ನ ಓದು ಎಲ್ಲಿಗೆ ಬಂತೆಂದು ವಿಚಾರಿಸುತ್ತಿದ್ದ. ನನ್ನ ತಂದೆಯೂ ನನ್ನನ್ನು ಅಷ್ಟು ವಿಚಾರಿಸಿರಲಿಲ್ಲ.

ಮದ್ರಾಸಿನ ಕತ್ತಲೆ ಕೋಣೆಯಲ್ಲಿ ಮೂವರು ಪರೀಕ್ಷಕರು, ಒಂದು ಪ್ರೊಜೆಕ್ಟರು. ಏಳು ಚಿತ್ರಗಳವರೆಗೆ ನಾನು ಹರಿಯುವ ನೀರಾಗಿದ್ದೆ. ಎಂಟನೆಯದು ಬಂತು. ನೋಟ್‌ಬುಕ್ಕಿನಲ್ಲಿ ಎಂಟನೆಯದು ಚಳಿದೇಶಗಳ ಒಂದು ಅಪರೂಪದ ರೋಗ. ಅದನ್ನೇ ಹೇಳಿದೆ. ಪರೀಕ್ಷಕರಲ್ಲಿ ಹಿರಿಯರು, ಬಿಳಿ ಗಡ್ಡದ ವಿದೇಶೀಯರು, ಇನ್ನೊಮ್ಮೆ ನೋಡಿ ಎಂದರು. ಇನ್ನೊಮ್ಮೆ, ಹೆಚ್ಚಿನ ವಿವರಗಳೊಂದಿಗೆ ಅದನ್ನೇ ಹೇಳಿದೆ. ಅವರು ಮುಂದಿನದಕ್ಕೆ ಸನ್ನೆ ಮಾಡಿದರು. ಯಂತ್ರ ಕಟಕ್ಕೆಂದಿತು, ನಾನು ಒಂಬತ್ತನೆಯ ರೋಗದ ಹೆಸರು, ಲಕ್ಷಣ ಹೇಳಿ ಚಿಕಿತ್ಸೆಗೆ ಬಂದಿದ್ದೆ. ತಲೆ ಎತ್ತಿದರೆ ಪರದೆಯ ಮೇಲೆ ಬರೀ ಬಿಳಿ ಬೆಳಕು. ಚಿತ್ರ ಯಂತ್ರದಲ್ಲಿ ಸಿಕ್ಕಿಕೊಂಡು ಇನ್ನೂ ಬಂದೇ ಇರಲಿಲ್ಲ.

ಹಿರಿಯರು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. ಎಂಟನೆಯದನ್ನು ಮತ್ತೆ ಹಾಕಿಸಿ, ಅವಸರವಿಲ್ಲ, ಬರೀ ನೋಡಿ ಎಂದರು. ಆ ಕೋಣೆಗೆ ಬಂದಮೇಲೆ ಮೊದಲ ಸಲ ನೋಡಿದೆ. ಕರಿಗುಡ್ಡೆಯ ನಡುವೆ ಬಿಳಿ ಕಲೆ, ಅಂಚಿನಿಂದ ಅದರತ್ತ ಹರಿದ ಸಣ್ಣ ರಕ್ತನಾಳ. ಭತ್ತದ ಗಾಯ ಮಾಗಿದ ಕಲೆ. ಆ ವರ್ಷ ಆ ಒಂದು ಚಿತ್ರವನ್ನು ಬದಲಿಸಿದ್ದರು. ಸಿಂಧನೂರಿನ ಸಂತೆಯಲ್ಲಿ ನಿಂತರೆ ಅಂಥ ಹತ್ತು ಕಣ್ಣು ಎದುರಿಗೆ ಬರುತ್ತವೆ. ಯಾವ ಕಣ್ಣಿಗಾಗಿ ಅಲ್ಲಿಗೆ ಹೋಗಿದ್ದೆನೋ ಆ ಕಣ್ಣಿಗೇ ಬೇರೆ ಹೆಸರು ಹೇಳಿದ್ದೆ, ಅದೂ ಎರಡು ಸಲ. ಸರಿಯಾದ ಉತ್ತರವನ್ನು ಕೊನೆಗೂ ಹೇಳಿದೆ. ಅವರು ಧನ್ಯವಾದ ಹೇಳಿ ದೀಪ ಹಾಕಿಸಿದರು.

ರಾಯಚೂರಿನಲ್ಲಿ ರೈಲಿಳಿದು ಬಸ್ಸು ಹಿಡಿದು ಲಿಂಗಸುಗೂರಿಗೆ ಬಂದರೆ, ನಿಲ್ದಾಣದಲ್ಲಿ ಅಮರಪ್ಪ ಕಾಯುತ್ತಿದ್ದ. ಕೈಗೆ ಟೈರಿನ ಮಸಿ ಇತ್ತು, ಆದರೂ ನನ್ನ ಚೀಲ ಇಸಿದುಕೊಂಡ. ಸುಳ್ಳು ಹೇಳಬಹುದಿತ್ತು. ಬೆಂಚಿನ ಮೇಲೆ ಕೂರಿಸಿ ನೋಟ್‌ಬುಕ್ಕಿನಿಂದ ಬಿಳಿ ಪರದೆಯವರೆಗೆ ಎಲ್ಲ ಹೇಳಿದೆ. ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ. ತಿರುಗಿ ನನ್ನನ್ನೇ ಕೇಳಿದ: "ಪೋಸ್ಟರಿನ ಮುಂದ ನನಗ ಕಾಣ್ತಿರಲಿಲ್ರಿ, ಅದಕ್ಕ ಬಾಯಿಪಾಠ ಹೇಳಿದ್ನಿ. ನಿಮಗ ಚಲೋ ಕಾಣ್ತಿತ್ತಲ್ರಿ. ನನ್ನ ಕಣ್ಣೇ ಎದುರಿಗೆ ಇತ್ತಂತೀರಿ, ಗುರ್ತು ಹತ್ತಲಿಲ್ಲೇನ್ರಿ?"

ನಾನು ಅವನ ಕೈಯಿಂದ ಚೀಲ ಇಸಿದುಕೊಂಡು ಮನೆಯ ಕಡೆ ನಡೆದೆ.

ಮೌಖಿಕದಲ್ಲಿ ನಾನು ಫೇಲು. ಮುಂದಿನ ವರ್ಷ ನನಗೆ ನಲವತ್ತು ತುಂಬಿ ಅರ್ಜಿಯ ವಯಸ್ಸು ಮೀರಿತು. ಅಮರಪ್ಪನನ್ನು ನಾನೇ ಹೈದರಾಬಾದಿಗೆ ಕರೆದುಕೊಂಡು ಹೋದೆ. ನನಗಿಂತ ಹತ್ತು ವರ್ಷ ಚಿಕ್ಕ ಡಾಕ್ಟರೊಬ್ಬ ಪೊರೆ ಕೂಡಿಸಿದ. ಕಣ್ಣು ಬಂತು, ಸ್ಟೀರಿಂಗಿಗೆ ಸಾಕಾಗುವಷ್ಟು ಬರಲಿಲ್ಲ. ಈಗಲೂ ಅವನು ತಪಾಸಣೆಗೆ ಬಂದರೆ, ಓದುವ ಮೊದಲು ಎದ್ದುಹೋಗಿ ಗೋಡೆಯನ್ನು ಕೈಯಿಂದ ಮುಟ್ಟಿ, "ಚಾರ್ಟ್ ಐತ್ರಿ" ಎಂದು ನನಗೆ ಖಾತ್ರಿ ಮಾಡಿ ಕೂಡುತ್ತಾನೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಪಾಠ ಕಲಿತವನೆಂದು ನೀವು ಗೌರವಿಸುತ್ತಿದ್ದಿರಿ. ಎರಡು ವರ್ಷದ ಮೇಲೆ ಬಳ್ಳಾರಿಯ ಕಿರಿಯ ಡಾಕ್ಟರೊಬ್ಬ ಕಾಗದ ಬರೆದ: ಸರ್, ಈ ಸಲ ಮೌಖಿಕಕ್ಕೆ ಕೂಡುತ್ತಿದ್ದೇನೆ, ನಿಮ್ಮ ಬಳಿ ಏನೋ ನೋಟ್‌ಬುಕ್ಕು ಇದೆಯಂತಲ್ಲ. ಕಣ್ಣಿಂದ ನೋಡು, ಬಾಯಿಪಾಠ ಬೇಡ ಎಂದು ಎರಡು ಪುಟ ಉತ್ತರ ಬರೆದೆ. ಬಹಳ ಚೆನ್ನಾಗಿ ಬಂದಿತ್ತು. ಓದಿಸಿದಾಗ ಶಾಂತಾ, "ಪಾಪ, ಅವನಿಗೂ ನಲವತ್ತು ಆಗಾಕ ಬಂದಿರಬೇಕು" ಎಂದಳು, ಅಷ್ಟೇ. ಆ ಎರಡು ಪುಟ ಹರಿದುಹಾಕಿ, ನೋಟ್‌ಬುಕ್ಕು ತೆಗೆದು, ಎಂಟನೆಯ ಚಿತ್ರದ ಮುಂದಿದ್ದ ಹೆಸರನ್ನು ಹೊಡೆದು, 'ಭತ್ತದ ಗಾಯದ ಕಲೆ, ಚೆನ್ನಾಗಿ ನೆನಪಿಡು' ಎಂದು ತಿದ್ದಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿಕೊಟ್ಟೆ.