ಗಾಳಿ ಕೊಳವೆಯ ಮೂರು ತಿರುವು

ಹಾಸಿಗೆ ಕಾರ್ಖಾನೆಯ ನಕ್ಷೆ ಬರೆಯುತ್ತಾ ಗಾಳಿಯಣ್ಣ ತೂಕಡಿಸಿದ್ದೇ ಎಲ್ಲ ಅನಾಹುತಕ್ಕೂ ಮೂಲ. ಕಟ್ಟಡಗಳೊಳಗೆ ಗಾಳಿ ಓಡಾಡುವ ದಾರಿ ಮಾಡಿಕೊಡುವುದು ಅವನ ಕೆಲಸ. ಕಚೇರಿಯಲ್ಲಿ ಹೆಸರೂ ಅದೇ ಆಗಿತ್ತು. ಊಟವಾಗಿತ್ತು. ಕಿಟಕಿಯ ಬಿಸಿಲು ಕಾಲ ಬಳಿ ಬೆಕ್ಕಿನಂತೆ ಸುರುಟಿಕೊಂಡಿತ್ತು. ದೊಡ್ಡ ಷೆಡ್ಡಿನ ಹತ್ತಿ ಧೂಳನ್ನು ಹೊರಗೆಳೆಯುವ ಕೊಳವೆಗೆ ನೇರ ಗೆರೆ ಎಳೆಯುತ್ತಿದ್ದವನು ಅರ್ಧ ದಾರಿಯಲ್ಲಿ ತಾನೇ ಹತ್ತಿಯ ಎಳೆಯಾಗಿ ತೇಲಿದ. ಕಂಬಗಳು ಮೋಡದಲ್ಲಿ ಕರಗಿದವು, ಯಂತ್ರಗಳು ಜೋಗುಳ ಗುನುಗಿದವು. ಪೆನ್ಸಿಲೂ ಅವನ ಜೊತೆಗೇ ತೇಲಿತು.

ಕಣ್ಣು ಬಿಟ್ಟಾಗ ಮೇಜಿನ ಮೇಲೆ ನಕ್ಷೆ ಇರಲಿಲ್ಲ.

"ನಾನೇ ಒಯ್ದಿದ್ದೆ ಕಣೋ," ಎಂದಳು ದೀಪಗಳ ವಿಭಾಗದ ಕರೆಂಟಕ್ಕ. "ಹಾವು ಹರಿದ ಹಾಗೆ ಮೂರು ತಿರುವು ಹಾಕಿದೀಯ! ಏನೋ ಲೆಕ್ಕಾಚಾರ ಇರ್ಬೇಕು ಅಂತ ನನ್ನ ದೀಪಗಳನ್ನೆಲ್ಲ ಪಕ್ಕಕ್ಕೆ ಸರಿಸ್ದೆ."

ಗಾಳಿಯಣ್ಣ ನಕ್ಷೆಯ ಬೆನ್ನು ಹತ್ತಿ ಓಡಿದ. ಅಷ್ಟರಲ್ಲಿ ಅದು ನೀರಿನ ವಿಭಾಗದ ನಲ್ಲಿರಾಯರನ್ನೂ ದಾಟಿತ್ತು. ಅವರು ಬೆಂಕಿ ಆರಿಸುವ ನೀರಿನ ಕೊಳವೆಗಳನ್ನು ತಾಯಿ ಬಾತುಕೋಳಿಯ ಹಿಂದಿನ ಮರಿಗಳಂತೆ ಆ ಗೆರೆಯ ಹಿಂದೆಯೇ ಬಳುಕಿಸಿದ್ದರು.

"ರಾಯರೇ, ಅದು ನಿದ್ದೆಗಣ್ಣಲ್ಲಿ..."

"ನಿದ್ದೆಗೆಟ್ಟು ಮಾಡಿದ್ದು ಅಂತ ನೋಡಿದ್ರೇ ಗೊತ್ತಾಗತ್ತೆ ಬಿಡಪ್ಪ. ಯಜಮಾನರಿಗೆ ಕಳಿಸ್ದೆ."

ಗಾಳಿಯಣ್ಣ ನುಗ್ಗಿದಾಗ ಕಚೇರಿಯ ಯಜಮಾನರ ಕೋಣೆಯಲ್ಲಿ ಹಾಸಿಗೆ ಕಾರ್ಖಾನೆಯ ಒಡತಿ ಸಹಿಗೆ ಪೆನ್ನು ತೆಗೆದಿದ್ದರು. ಆ ತಿರುವುಗಳಲ್ಲಿ ಧೂಳು ಕಟ್ಟಿಕೊಂಡು, ಒಂದು ಕಿಡಿ ಹಾರಿ, ಇನ್ನೂರು ಜನ ಬಾಗಿಲಿಗೆ ಓಡಿದಂತೆ ಗಾಳಿಯಣ್ಣನಿಗೆ ಕಂಡಿತು. ಕೆಲಸ ಹೋದರೆ ಹೋಗಲಿ!

"ಸಹಿ ಹಾಕ್ಬೇಡಿ ಅಮ್ಮಾ! ಅದು ನಾನು ನಿದ್ದೆಯಲ್ಲಿ ಎಳೆದ ಗೆರೆ."

ಯಜಮಾನರು ಹರಳೆಣ್ಣೆ ಕುಡಿದ ಮುಖ ಮಾಡಿದರು. ಒಡತಿ ಮಾತ್ರ ಪೆನ್ನಿಟ್ಟು ಮುಂದೆ ಬಾಗಿದರು.

"ನಿದ್ದೆನಾ? ಹಾಡಹಗಲಲ್ಲಿ, ಈ ಗದ್ದಲದಲ್ಲಿ?"

"ಹೌದಮ್ಮಾ."

"ಕನಸೂ ಬಿತ್ತಾ?"

"ಬಿತ್ತಮ್ಮಾ."

"ಯಾವುದರ ಮೇಲೆ ಕೂತಿದ್ರಿ?"

ಹತ್ತೇ ನಿಮಿಷದಲ್ಲಿ ಗಾಳಿಯಣ್ಣನ ಕುರ್ಚಿ ಒಡತಿಯ ವ್ಯಾನು ಹತ್ತಿತು.

"ನನ್ನ ಹಾಸಿಗೆ ಮೇಲೆ ನನಗೇ ನಿದ್ದೆ ಹತ್ತಲ್ಲ ಕಣ್ರೀ," ಎಂದು ಅವರು ಗುಟ್ಟಾಗಿ ಹೇಳಿದರು. "ಇದರೊಳಗೆ ಏನು ತುಂಬಿದಾರೆ ಅಂತ ಬಿಚ್ಚಿ ನೋಡ್ಬೇಕು."

ಕೆಲಸವೇನೋ ಉಳಿಯಿತು. ಕರೆಂಟಕ್ಕನ ದೀಪ, ನಲ್ಲಿರಾಯರ ಕೊಳವೆಗಳ ಸಮೇತ ನಕ್ಷೆ ವಾಪಸು ಬಂತು. ಸಂಜೆಯೊಳಗೆ ಎಲ್ಲವನ್ನೂ ಅವನೇ ಸರಿಪಡಿಸಬೇಕೆಂದು ಯಜಮಾನರ ಅಪ್ಪಣೆಯಾಯಿತು.

ಗಾಳಿಯಣ್ಣ ನಿಂತುಕೊಂಡೇ ತಿದ್ದತೊಡಗಿದ.