ನೂರೆಂಟು ಒತ್ತಿನ ಬಂದೂಕು

ಹಾಲೇಶ್: ಅರವತ್ತು ಗುಂಡು ಅಂತ ಊರೆಲ್ಲಾ ಸಾರ್ಬೇಡ ಕಣೋ ಶಶಿ! ಕೊನೇ ಇಪ್ಪತ್ತು ಡಬ್ಬಿ ಹತ್ರ ಹೋಗಿ, ‘ಮನೇಲಿ ಯಾರಿದ್ದೀರಾ?’ ಅಂತ ಬಾಗಿಲು ತಟ್ಟಿ ಬಿದ್ದೋದ್ವು.

ಶಶಿಧರ: ತಟ್ಟಿದ್ವಲ್ಲ, ಅದೇ ಮರ್ಯಾದೆ! ನಿಂದು ಮೂವತ್ತಾರಕ್ಕೇ ಏದುಸಿರು ಬಿಡ್ತು, ಕೆಮ್ಮಣ್ಣುಗುಂಡಿ ಹತ್ತೋ ಹಳೇ ಜೀಪಿನ ಥರ.

ಅಜ್ಜಂಪುರದಲ್ಲಿ ಹಾಲೇಶನ ಹಿತ್ತಲು. ಗೋಡೆಯ ಮುಂದೆ ಖಾಲಿ ಡಬ್ಬಿಗಳ ಸಾಲು. ಪಂಪಿನಿಂದ ಗಾಳಿ ತುಂಬಿಸಿ ಹೊಡೆಯುವ ಏರ್‌ರೈಫಲ್ ಗೆಳೆಯರಿಬ್ಬರದೂ ಒಂದೊಂದು. ಒಮ್ಮೆ ತುಂಬಿದ ಗಾಳಿಯನ್ನು ಯಾರ ಬಂದೂಕು ಹೆಚ್ಚು ಬಾಳಿಸುತ್ತದೆ ಎಂಬುದೇ ಬೆಳಗಿನಿಂದ ಜಗಳ. ಗೆದ್ದ ಬಂದೂಕು ಮಧ್ಯಾಹ್ನ ತರೀಕೆರೆಯ ಗುರಿ ಸ್ಪರ್ಧೆಗೆ ಹೋಗಬೇಕು. ಅಲ್ಲಿ ಹೊಡೆಯುವವಳು ಮಾತ್ರ ಹಾಲೇಶನ ಹೆಂಡತಿ ಯಶೋದಾ. ಈ ಇಬ್ಬರು ಮಹಾಶಯರ ಗುರಿಯನ್ನು ಸ್ಪರ್ಧೆಯವರು ಹೋದ ವರ್ಷವೇ ನೋಡಿ ಕೈಮುಗಿದಿದ್ದರು.

ಹಾಲೇಶ್: ನಿನ್ ಬಂದೂಕಿನ ಗಾಳಿ ಸಿಲಿಂಡರ್ ಗಾತ್ರ ನೋಡ್ಕೋ. ಬಸ್ಸಲ್ಲಿ ತಗೊಂಡೋದ್ರೆ ಗ್ಯಾಸ್ ಬುಕ್ ಮಾಡಿದ್ರಾ ಅಂತಾರೆ.

ಶಶಿಧರ: ನಿಂದು ಸೊಳ್ಳೆ ಔಷಧಿ ಡಬ್ಬಿ ಅಷ್ಟಿದೆ. ಸೊಳ್ಳೆಗೆ ಮೂವತ್ತಾರು ಸಾಕು ಬಿಡು!

ಹಾಲೇಶ್: ಯಶೋದಾ, ನೀನೇ ಹೇಳೇ. ಯಾರ್ದು ಗಾಳಿ ಉಳಿಸ್ತು?

ಯಶೋದಾ ಪಂಪಿನ ಪಕ್ಕದ ಕಲ್ಲಿನ ಮೇಲೆ ಕೂತು ತೋಳು ನೀವಿಕೊಳ್ಳುತ್ತಿದ್ದಳು.

ಯಶೋದಾ: ನನ್ ಕೇಳ್ತೀರಾ? ಪಾಪ, ನಿಮ್ಗೆ ಸೊಂಟ ನೋವು. ಶಶಿಯಣ್ಣಂಗೆ ಭುಜ ಹಿಡ್ಕೊಂಡಿದೆ. ಎರಡಕ್ಕೂ ಗಾಳಿ ತುಂಬಿದ್ದು ಯಾರು, ವಾಯುದೇವ್ರಾ?

ಶಶಿಧರ: ಅದಕ್ಕೇ ಯಶೋದಮ್ಮ, ನಿಮ್ ತೀರ್ಪೇ ತೀರ್ಪು.

ಯಶೋದಾ: ಹಂಗಾದ್ರೆ ಕೇಳಿ. ನಿಮ್ ಬಂದೂಕಿಗೆ ಇನ್ನೂರ ನಲವತ್ತು ಸಲ ಪಂಪು ಒತ್ತಿದೀನಿ. ಬಾಗಿಲು ತಟ್ಟಿದ್ದನ್ನೂ ಸೇರಿಸಿದ್ರೆ ಗುಂಡಿಗೆ ನಾಲ್ಕು ಒತ್ತು. ನಮ್ಮನೇದಕ್ಕೆ ನೂರೆಂಟು. ಗುಂಡಿಗೆ ಮೂರೇ.

ಹಾಲೇಶ್: ಭೇಷ್! ನೋಡಿದ್ಯೇನೋ ಶಶಿ? ಚಿಕ್ಕದಾದ್ರೂ ಚೊಕ್ಕ! ಇದ್ನ ಆರಿಸಿದ ಕಣ್ಣು ಯಾರ್ದು ಹೇಳು!

ಶಶಿಧರ: ಒತ್ತು ಲೆಕ್ಕ ಹಾಕ್ತಾರೆ ಅಂತ ಮೊದ್ಲೇ ಹೇಳ್ಬೇಕಿತ್ತು. ಇದು ಮೋಸ.

ಯಶೋದಾ: ಮುಗೀತಾ? ಎರಡು ವರ್ಷದಿಂದ ಈ ಸ್ಪರ್ಧೇಲಿ ಹೊಡೆಯೋಕೆ ಕಾಯ್ತಿದ್ದೆ ನಾನು. ನಿಮ್ ಜಗಳಕ್ಕೆ ಒತ್ತೀ ಒತ್ತೀ ಈಗ ಕೈ ನಡುಗ್ತಿದೆ. ಗುರಿ ಎಲ್ಲಿಡ್ಲಿ, ನಿಮ್ ತಲೆ ಮೇಲಾ?

ಇಬ್ಬರೂ ಡಬ್ಬಿಗಳ ಕಡೆ ಮುಖ ಮಾಡಿದರು.

ಯಶೋದಾ: ಗೆದ್ದಿರೋ ಬಂದೂಕೇ ತಗೊಂಡೋಗ್ತೀನಿ. ಎರಡೂ ಖಾಲಿ. ಬಸ್ಸಿಗೆ ಇನ್ನೊಂದು ಗಂಟೆ ಇದೆ. ಗಾಳಿ ತುಂಬೋದು ಗೆದ್ದ ಯಜಮಾನ್ರು. ನಾನು ಪಂಪು ಮುಟ್ಟಲ್ಲ.

ಹಾಲೇಶನ ಮುಖದ ಗೆಲುವು ಇಳಿಯಿತು. ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು.

ಹಾಲೇಶ್: ಲೇ ಶಶಿ... ಏನೇ ಅನ್ನು, ಅರವತ್ತು ಅಂದ್ರೆ ಅರವತ್ತೇ ಕಣೋ. ನಿಂದೇ ಗೆದ್ದಿದ್ದು.

ಶಶಿಧರ: ಛೇ ಛೇ, ಕೊನೇ ಇಪ್ಪತ್ತು ಬರೀ ಬಾಗಿಲು ತಟ್ಟಿದ್ವು ಅಂತ ನೀನೇ ಅಂದ್ಯಲ್ಲಪ್ಪಾ!

ಹಾಲೇಶ್: ತಟ್ಟಿದ್ವಲ್ಲ, ಅದೇ ಮರ್ಯಾದೆ!

ಶಶಿಧರ: ಬೇಡ ಮಾರಾಯ, ಚಿಕ್ಕದಾದ್ರೂ ಚೊಕ್ಕ. ಆರಿಸಿದ ಕಣ್ಣು ನಿಂದು, ಒತ್ತೋ ಕೈಯೂ ನಿಂದೇ ಆಗ್ಲಿ.

ಯಶೋದಾ ಪಂಪನ್ನು ಗಂಡನ ಮುಂದೆ ತಂದು ನಿಲ್ಲಿಸಿದಳು.

ಯಶೋದಾ: ನೂರೆಂಟೇ ಕಣ್ರೀ. ಒತ್ತಿಗೊಂದು ‘ಓಂ ನಮಃ ಶಿವಾಯ’ ಅನ್ನಿ. ಬಂದೂಕಿಗೆ ಗಾಳೀನೂ ತುಂಬುತ್ತೆ, ಮದ್ವೆ ಆದಾಗಿಂದ ತಪ್ಪಿಸ್ಕೊಂಡಿರೋ ಜಪವೂ ಇವತ್ತು ಮುಗಿಯುತ್ತೆ!