ನನ್ನ ಬೇಸು, ದಸ್ತಗೀರ್ ಭಾಯಿಯ ಬೆನ್ನು

ಮಾತಾಡಿ ಕೆಟ್ಟವರ ಕಥೆಗಳನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ. ನಾನು ಸುಮ್ಮನಿದ್ದು ಕೆಟ್ಟವನು. ನಾನೊಬ್ಬನೇ ಕೆಟ್ಟಿದ್ದರೆ ಇಷ್ಟುದ್ದ ಬರೆಯುವ ಅಗತ್ಯವೇ ಇರಲಿಲ್ಲ, ಹೆಂಡತಿಯ ಕೈಲಿ ನಾಲ್ಕು ಮಾತು ಅನ್ನಿಸಿಕೊಂಡು ಮರೆತುಬಿಡುತ್ತಿದ್ದೆ. ಕುಣಿಗಲ್ಲಿನಲ್ಲಿ ಒಂದು ಮಧ್ಯಾಹ್ನ, ಒಂದು ಹಾಡಿನ ಎರಡನೇ ಚರಣದಲ್ಲಿ, ನಾನು ನನ್ನ ಬೇಸ್ ಗಿಟಾರಿನ ಸದ್ದು ಅಡಗಿಸಿ ನಿಂತೆ. ಒಂದೆರಡು ನಿಮಿಷ ಇದ್ದೀತು. ಅಷ್ಟಕ್ಕೇ ನಮ್ಮ ಆರ್ಕೆಸ್ಟ್ರಾದ ಡ್ರಮ್ಮರ್ ದಸ್ತಗೀರ್ ಭಾಯ್ ಇಪ್ಪತ್ತೆಂಟು ವರ್ಷ ಕೂತಿದ್ದ ಸ್ಟೂಲಿನಿಂದ ಇಳಿಯಬೇಕಾಯಿತು. ಅದು ನನ್ನ ಕೈಕೆಲಸ ಅಂತ ನನ್ನನ್ನೂ ದೇವರನ್ನೂ ಬಿಟ್ಟರೆ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ. ನೀವು ತುಮಕೂರಿನವರಾದರೆ ದಯವಿಟ್ಟು ನಿಮ್ಮಲ್ಲೇ ಇಟ್ಟುಕೊಳ್ಳಿ.

ಹೆಸರು ನಾಗರಾಜು. ಗುಬ್ಬಿಯ ಕಾಲೇಜೊಂದರಲ್ಲಿ ಫಿಸಿಕ್ಸ್ ಲ್ಯಾಬಿನ ಅಟೆಂಡರ್. ವಾರವೆಲ್ಲ ಮಕ್ಕಳು ಕೆಡಿಸಿಟ್ಟ ಮೀಟರುಗಳನ್ನು ಬೈಯುತ್ತಾ ಸರಿಮಾಡುವುದು, ಭಾನುವಾರ ಬಂತೆಂದರೆ ಬೇಸ್ ಗಿಟಾರ್ ಹೆಗಲಿಗೆ ಏರಿಸಿ ತುಮಕೂರಿನ ಬಸ್ಸು ಹತ್ತುವುದು. ಬೇಸ್ ಗಿಟಾರ್ ಎಂದರೆ ಮಾಮೂಲಿ ಗಿಟಾರಿಗಿಂತ ಒಂದು ಗೇಣು ಉದ್ದ, ತಂತಿ ಮಾತ್ರ ನಾಲ್ಕೇ, ಒಂದೊಂದೂ ಬಟ್ಟೆ ಒಣಗಿಹಾಕುವಷ್ಟು ದಪ್ಪ. ಹಾಡಿನ ಅಡಿಯಲ್ಲಿ ದುಂ ದುಂ ಅಂತ ಗುನುಗಿಕೊಂಡಿರುವುದೇ ಅದರ ಕೆಲಸ. ನಾನೇನು ಅದನ್ನು ಆಸೆಪಟ್ಟು ಹಿಡಿದವನಲ್ಲ. ಆರ್ಕೆಸ್ಟ್ರಾ ಸೇರಲು ಹೋದಾಗ ಗಿಟಾರಿಗೆ ಆಗಲೇ ಜನ ಇದ್ದರು. "ಬೇಸ್ ಖಾಲಿ ಇದೆ ನೋಡಿ," ಅಂದರು, ಬಸ್ಸಿನಲ್ಲಿ ಹಿಂದಿನ ಸೀಟು ಖಾಲಿ ಇದೆ ಅನ್ನುವ ಹಾಗೆ. ಹೋಗಿ ಕೂತೆ. ಇಪ್ಪತ್ತೆರಡು ವರ್ಷವಾಯಿತು, ಮುಂದಿನ ಸೀಟು ಇನ್ನೂ ಖಾಲಿಯಾಗಿಲ್ಲ.

ದಸ್ತಗೀರ್ ಭಾಯ್ ನನಗಿಂತ ಒಂಬತ್ತು ವರ್ಷ ದೊಡ್ಡವರು. ತುಮಕೂರಿನಲ್ಲಿ ಆಟೋ, ಬೈಕುಗಳ ಸೀಟು ಹೊಲಿಯುವ ಅಂಗಡಿ. ಅಂಗಡಿಯ ಅಟ್ಟದ ಮೇಲೇ ನಮ್ಮ ಪ್ರಾಕ್ಟೀಸು. ನನ್ನ ಗಿಟಾರಿಗೆ ಚೀಲ ಇಲ್ಲದ್ದು ನೋಡಿ ಮೊದಲ ವಾರವೇ ಆಟೋ ಸೀಟಿನಲ್ಲಿ ಉಳಿದ ರೆಕ್ಸಿನ್ ತುಂಡುಗಳನ್ನು ಸೇರಿಸಿ ಒಂದು ಹೊಲಿದುಕೊಟ್ಟರು. ಅರ್ಧ ಹಸಿರು, ಅರ್ಧ ಕೆಂಪು, ನಡುವೆ ದೊಡ್ಡ ಹಳದಿ ಹೂವು. ಅದನ್ನು ಹೊತ್ತು ನಿಂತರೆ ಆಟೋದವರೇ ನನ್ನನ್ನು ತಿರುಗಿ ನೋಡುತ್ತಾರೆ. ಕೆಲವು ವರ್ಷಗಳಿಂದ ಸ್ಟೇಜಿನಲ್ಲಿ ಭಾಯಿಯದು ಒಂದೇ ಹಟ. ನನ್ನ ಬೇಸಿನ ಸದ್ದು ಹೊರಡುವ ಬಾಕ್ಸನ್ನು ಅವರ ಸ್ಟೂಲಿನ ಹಿಂದೆ, ಬೆನ್ನಿಗೆ ಒತ್ತಿಕೊಳ್ಳುವ ಹಾಗೆ ಇಡಬೇಕು. "ಯಾಕೆ ಭಾಯ್?" ಅಂದರೆ, "ದಿನವೆಲ್ಲ ಬಗ್ಗಿ ಹೊಲಿಯೋನು ಕಣೋ ನಾಗ. ನಿನ್ ಬಾಕ್ಸು ಸೊಂಟಕ್ಕೆ ಮಸಾಜ್ ಮಾಡುತ್ತೆ," ಅನ್ನುತ್ತಿದ್ದರು. ನಾನು ನಂಬಿದೆ. ನನ್ನ ವಾದ್ಯಕ್ಕೆ ಸಂಗೀತದಲ್ಲಿ ಅಲ್ಲದಿದ್ದರೂ ವೈದ್ಯದಲ್ಲಾದರೂ ಬೆಲೆ ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಭಾಯಿಗೆ ಕಿವಿ ಹೋಗುತ್ತಿತ್ತು. ಇದನ್ನು ಈಗ ಒಂದು ಸಾಲಿನಲ್ಲಿ ಬರೆದುಬಿಟ್ಟೆ. ಆಗ ಮಾತ್ರ ಆರು ವರ್ಷ ಎದುರಿಗೆ ನಿಂತು ನೋಡಿದರೂ ನನ್ನ ತಲೆಗೆ ಹೋಗಲಿಲ್ಲ. ಫೋನು ಬಡಿದುಕೊಂಡರೂ ಎತ್ತುತ್ತಿರಲಿಲ್ಲ. ಏನಾದರೂ ಕೇಳಿದರೆ ನಕ್ಕು ತಲೆ ಆಡಿಸುತ್ತಿದ್ದರು. ನಾನು ಅಂದುಕೊಂಡದ್ದು, ವಯಸ್ಸಾಗ್ತಾ ಆಗ್ತಾ ಭಾಯಿಗೆ ಕೊಬ್ಬು ಬಂದಿದೆ, ಸಣ್ಣವರ ಜೊತೆ ಮಾತಾಡಲ್ಲ ಅಂತ. ಹೇಳಿಕೊಳ್ಳಲು ಫಿಸಿಕ್ಸ್ ಲ್ಯಾಬಿನವನು. ತಂತಿ ಕಂಪಿಸುವ ಪ್ರಯೋಗಕ್ಕೆ ಪ್ರತಿ ವರ್ಷ ಸಾಮಾನು ಜೋಡಿಸುವವನು, ಸದ್ದು ಗಾಳಿಯಲ್ಲಷ್ಟೇ ಅಲ್ಲ ಮರದಲ್ಲೂ ಹೋಗುತ್ತೆ ಅಂತ ಮೇಷ್ಟ್ರು ರಜಾ ಹಾಕಿದ ದಿನ ನಾನೇ ಮಕ್ಕಳಿಗೆ ಹೇಳಿಕೊಟ್ಟವನು. ಆ ಬಾಕ್ಸಿನ ಮರದಿಂದ ಭಾಯಿಯ ಬೆನ್ನಿಗೆ ಏನು ಹೋಗುತ್ತಿತ್ತು ಅಂತ ಮಾತ್ರ ಯೋಚಿಸಲಿಲ್ಲ. ನನ್ನನ್ನು ಯಾರೂ ಕೇಳಿಸಿಕೊಳ್ಳುತ್ತಿಲ್ಲವಲ್ಲ ಅನ್ನುವ ಸಂಕಟದಲ್ಲೇ ಮುಳುಗಿದ್ದೆ.

ಆ ಸಂಕಟ ಬೆಳ್ಳಾವಿಯಲ್ಲಿ ಹುಣ್ಣಾಯಿತು. ಗಣೇಶನನ್ನು ಕೂರಿಸಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಕಲಾವಿದರಿಗೆಲ್ಲ ಶಾಲು. ಹಾಡಿದವರಿಗೆ ಆಯಿತು, ಕೀಬೋರ್ಡ್ ನುಡಿಸುವ ಮಂಜುವಿಗೆ ಆಯಿತು. ಆರ್ಕೆಸ್ಟ್ರಾ ನಡೆಸುವವನೂ ಅವನೇ, ಅವನಿಗೆ ಹಾರ ಬೇರೆ. ಭಾಯಿಗೂ ಆಯಿತು. ಶಾಲು ಹೊದಿಸುತ್ತಾ ನನ್ನ ಹತ್ತಿರ ಬಂದ ಊರ ಯಜಮಾನರು, "ಅಣ್ಣ, ಆ ಕುರ್ಚಿನ ಅತ್ಲಾಗೆ ಇಕ್ಕು," ಅಂದರು. ನಾನು ಸಾಮಾನು ಇಳಿಸುವವನು ಅಂದುಕೊಂಡಿದ್ದರಂತೆ. ಮಂಜು ಓಡಿ ಬಂದು, "ಅವ್ರು ಬೇಸ್ ಗಿಟಾರ್ ನುಡ್ಸೋರು ಸಾರ್," ಅಂದ. ಯಜಮಾನರು ನನ್ನ ಹೆಗಲ ಮೇಲಿದ್ದದ್ದನ್ನು ಮೇಲಿಂದ ಕೆಳಗೆ ನೋಡಿ, "ಓಹೋ, ಇದ್ರಲ್ಲೂ ಸೌಂಡ್ ಬತ್ತದಾ?" ಅಂದರು. ಶಾಲು ಖಾಲಿಯಾಗಿತ್ತು. ಭಾಯ್ ತಮ್ಮ ಶಾಲು ತೆಗೆದು ನನಗೆ ಹೊದಿಸಿದರು. ನನಗೆ ಅದಕ್ಕೂ ಕೋಪ ಬಂತು. ಹೊದಿಸಿದ್ದೂ ಹೊದಿಸಿದರು, ಸೆಕೆಂಡ್ ಹ್ಯಾಂಡ್ ಶಾಲು.

ಮನೆಗೆ ಬಂದು ಗಿರಿಜಾಳ ಹತ್ತಿರ ಕೂಗಾಡಿದೆ. ಗಿರಿಜಾ ನನ್ನ ಹೆಂಡತಿ, ಸೊಪ್ಪು ಬಿಡಿಸುತ್ತಿದ್ದಳು. ಎಲ್ಲ ಕೇಳಿಸಿಕೊಂಡು, "ಅಲ್ರೀ, ನೀವು ಒಂದಿನ ನುಡಿಸ್ದೇ ಸುಮ್ನೆ ನಿಂತಿದ್ರೆ ಯಾರಿಗಾದ್ರೂ ಗೊತ್ತಾಗುತ್ತಾ?" ಅಂದಳು. ಚುಚ್ಚಬೇಕು ಅಂತ ಅಂದದ್ದಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳಿದ್ದು. ಚುಚ್ಚಿದ್ದರೆ ತಿರುಗಿ ಎರಡು ಮಾತು ಆಡಬಹುದಿತ್ತು. ಗೊತ್ತಿಲ್ಲದೆ ಕೇಳಿದವರಿಗೆ ಉತ್ತರವನ್ನೇ ಹೇಳಬೇಕು, ಆ ಉತ್ತರ ನನಗೂ ಗೊತ್ತಿರಲಿಲ್ಲ. ಪ್ರಯೋಗ ಮಾಡಿ ನೋಡೇಬಿಡೋಣ ಅಂತ ಆವತ್ತೇ ತೀರ್ಮಾನಿಸಿದೆ.

ಕುಣಿಗಲ್ಲಿನದು ಬೀಗರೂಟ. ಮಧ್ಯಾಹ್ನದ ಹೊತ್ತು, ಕಲ್ಯಾಣ ಮಂಟಪದ ತುಂಬ ಮಸಾಲೆ ವಾಸನೆ. ಊಟದ ಸಾಲುಗಳ ಎದುರಿಗೇ ನಮ್ಮ ಸ್ಟೇಜು. ಬೀಗರೂಟದಲ್ಲಿ ಹಾಡು ಕೇಳುವವರು ಯಾರೂ ಇರುವುದಿಲ್ಲ, ಮುಂದಿನ ಪಂಕ್ತಿಗೆ ಕುರ್ಚಿ ಹಿಡಿಯಲು ನಿಂತವರು ಹೊತ್ತು ಹೋಗಲಿ ಅಂತ ನಮ್ಮ ಕಡೆ ನೋಡುತ್ತಾರೆ. ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಎರಡನೇ ಚರಣ ಶುರುವಾಗುತ್ತಿದ್ದ ಹಾಗೆ ಗಿಟಾರಿನ ವಾಲ್ಯೂಮ್ ಸೊನ್ನೆಗೆ ತಿರುಗಿಸಿದೆ. ಬೆರಳು ಮಾತ್ರ ಆಡಿಸುತ್ತಲೇ ಇದ್ದೆ. ಹಾಡುತ್ತಿದ್ದ ಹುಡುಗಿ ಹಾಡಿದಳು. ಮಂಜು ನುಡಿಸಿದ. ಮುಂದಿನ ಸಾಲಿನ ಹಿರಿಯರೊಬ್ಬರು ಮೂಳೆ ಚೀಪುತ್ತಾ ನನ್ನನ್ನೇ ನೋಡುತ್ತಿದ್ದರು, ಮೂಳೆ ಮುಗಿದ ಮೇಲೆ ಮುದ್ದೆ ಕೇಳಿದರು. ಯಾರಿಗೂ ಏನೂ ಗೊತ್ತಾಗಲಿಲ್ಲ. ಅವಮಾನದ ಜೊತೆಗೆ ಒಂಥರಾ ಖುಷಿಯೂ ಆಯಿತು ನೋಡಿ, ನಾನು ಹೇಳಿದ್ದೇ ಸರಿ ಅಂತ.

ಅಷ್ಟರಲ್ಲಿ ಡ್ರಮ್ಮು ಒಂದು ಏಟು ಹಿಂದೆ ಬಿತ್ತು. ತಿರುಗಿ ನೋಡಿದೆ. ಭಾಯ್ ಒಂದು ಕೈಯಲ್ಲಿ ಬಾರಿಸುತ್ತಾ ಇನ್ನೊಂದು ಕೈ ಹಿಂದಕ್ಕೆ ಚಾಚಿ ನನ್ನ ಬಾಕ್ಸನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು, ಕರೆಂಟ್ ಹೋದಾಗ ಗೋಡೆ ತಡಕುವ ಹಾಗೆ. ಮುಖದಲ್ಲಿ ಅಂಥ ಗಾಬರಿ ನಾನು ಯಾವತ್ತೂ ಕಂಡಿರಲಿಲ್ಲ. ವಾಲ್ಯೂಮ್ ನನ್ನ ಕೈಯಲ್ಲೇ ಇತ್ತು. ತಿರುಗಿಸಬಹುದಿತ್ತು. ಏನಾಗುತ್ತಿದೆ ಅಂತ ಅರ್ಥವಾಗದೆಯೋ, ಇವರಿಗಾದರೂ ಗೊತ್ತಾಯಿತಲ್ಲ ಅನ್ನುವ ಹಾಳು ಜಂಬಕ್ಕೋ, ನಿಂತು ನೋಡಿದೆ. ತಾಳ ಜಾರಿತು. ಹಾಡು ಹೇಗೋ ಓಡಿ ಮುಗಿಯಿತು, ಹುಡುಗಿ ಮೈಕ್ ಇಳಿಸಿದಳು, ಮಂಜು ಕೈ ಎತ್ತಿದ. ಡ್ರಮ್ಮು ನಿಲ್ಲಲಿಲ್ಲ. ಭಾಯ್ ತಲೆ ಬಗ್ಗಿಸಿಕೊಂಡು, ಇಲ್ಲದ ಹಾಡಿಗೆ, ಒಬ್ಬರೇ ಬಾರಿಸುತ್ತಾ ಹೋದರು. ಈಗ ಮಂಟಪಕ್ಕೆ ಮಂಟಪವೇ ಎಲೆ ಬಿಟ್ಟು ತಲೆ ಎತ್ತಿತು. "ಏನ್ಲಾ, ಡ್ರಮ್ಮಿನವ್ನು ಹಗಲೇ ಏರ್ಸವ್ನಾ?" ಅಂತ ಯಾರೋ ಕೂಗಿದರು, ಎಲ್ಲ ನಕ್ಕರು. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದ ಮನುಷ್ಯನಲ್ಲ ಅವರು. ಮಂಜು ಅವರ ಹಿಂದೆ ನಿಂತು "ದಸ್ತಗೀರಣ್ಣಾ" ಅಂತ ಮೂರು ಸಲ ಕರೆದ. ತಿರುಗಲಿಲ್ಲ. ನಾಲ್ಕನೇ ಸಲ ಹೆಗಲು ಮುಟ್ಟಿದ. ಆಗ ಅವನಿಗೂ ಅರ್ಥವಾಯಿತು, ನನಗೂ ಅರ್ಥವಾಯಿತು. ಎಲ್ಲ ಮುಗಿದ ಮೇಲೆ ನಾನು ವಾಲ್ಯೂಮ್ ಏರಿಸಿದೆ.

ವಾಪಸು ಬರುವಾಗ ವ್ಯಾನಿನಲ್ಲಿ ಭಾಯ್ ನನ್ನ ಪಕ್ಕದಲ್ಲೇ ಕೂತರು. "ಕೇಬಲ್ ಲೂಸಾಗಿತ್ತೇನೋ?" ಅಂತ ಕೇಳಿದರು. ನಾನು ಹೌದು ಅಂತ ತಲೆ ಆಡಿಸಿದೆ. ಆ ಒಂದು ತಲೆ ಆಡಿಸಿದ್ದಕ್ಕೆ ನನಗೆ ಇವತ್ತಿಗೂ ಕ್ಷಮೆ ಇಲ್ಲ. ಮಂಜು ಕೆಟ್ಟವನಲ್ಲ. ತುಮಕೂರು ಮುಟ್ಟಿದ ಮೇಲೆ ಭಾಯಿಯ ಎರಡೂ ಕೈ ಹಿಡಿದುಕೊಂಡು ಜೋರಾಗಿ, "ಅಣ್ಣ, ಸಾಕಣ್ಣ, ಸ್ವಲ್ಪ ದಿನ ರೆಸ್ಟ್ ತಗೊಳ್ಳಿ," ಅಂದ. ಭಾಯ್ ನಕ್ಕು ಸರಿ ಅಂದರು. ಡ್ರಮ್ ಕಡ್ಡಿಗಳನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಇಟ್ಟುಕೊಂಡು ಇಳಿದು ಹೋದರು. ಮುಂದಿನ ವಾರದಿಂದ ಪ್ರಾಕ್ಟೀಸು ಮಂಜುವಿನ ಮನೆಗೆ ಹೋಯಿತು, ಡ್ರಮ್ಮಿನ ಜಾಗಕ್ಕೆ ಒಂದು ರಿದಮ್ ಮಿಷನ್ ಬಂತು. ಅದಕ್ಕೆ ಬೆನ್ನಿಲ್ಲ.

ಒಂದು ತಿಂಗಳು ಅಂಗಡಿ ಕಡೆ ಹೋಗಲು ಮುಖವಿರಲಿಲ್ಲ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ, ಎಲ್ಲ ಹೇಳಿಬಿಡಬೇಕು ಅಂತ ಗಟ್ಟಿ ಮನಸ್ಸು ಮಾಡಿ ಹೋದೆ. ಭಾಯ್ ಸೀಟು ಹೊಲಿಯುತ್ತಿದ್ದರು. ಕರೆದೆ, ಕೇಳಲಿಲ್ಲ. ನೆಲದ ಹಲಗೆಯ ಮೇಲೆ ಕಾಲು ಕುಟ್ಟಿದೆ, ತಟ್ಟನೆ ತಲೆ ಎತ್ತಿದರು. "ಬಾರೋ ನಾಗ, ಸತ್ತೋಗಿದ್ಯಾ?" ಅಂದರು. ಈಗ ಮುಚ್ಚಿಡುವುದು ಏನೂ ಉಳಿದಿಲ್ಲವಲ್ಲ, ಎಲ್ಲ ಹೇಳಿಕೊಂಡರು. "ಆರು ವರ್ಷ ಆಯ್ತು ಕಣೋ, ಆ ಹುಡುಗಿ ಹಾಡೋದೂ ಕೇಳ್ಸಲ್ಲ, ಮಂಜು ಕೀಬೋರ್ಡೂ ಕೇಳ್ಸಲ್ಲ. ಕಿವಿಗೆ ಮಿಷನ್ ಹಾಕ್ಕೊಂಡ್ರೆ ಡ್ರಮ್ ಸದ್ದಿಗೆ ತಲೆ ಒಡ್ದೋಗುತ್ತೆ. ನಿನ್ ಬೇಸ್ ಒಂದೇ ಬೆನ್ನಲ್ಲಿ ಬರ್ತಿತ್ತು. ಹಾಡು ಎಲ್ಲಿಗೆ ಬಂತು, ಎಲ್ಲಿ ತಿರುಗ್ತು, ಎಲ್ಲಾ ನೀನೇ ಹೇಳ್ತಿದ್ದೆ. ನೀನು ಒಂದು ಸ್ವರ ತಪ್ಪಿದ್ರೂ ನಂಗೆ ಗೊತ್ತಾಗ್ತಿತ್ತು. ತಪ್ತಿದ್ದೆ ಬುಡು, ಆದ್ರೆ ಕಮ್ಮಿ." ಇಪ್ಪತ್ತೆರಡು ವರ್ಷದಿಂದ ನಾನು ಕಾದಿದ್ದ ಮಾತು ಇದು. ಕೇಳುತ್ತಾ ಕೇಳುತ್ತಾ ನೆಲ ಬಿರಿಯಬಾರದೇ ಅನ್ನಿಸಿತು.

ಆಮೇಲೆ ಹೊಲಿಗೆ ಮಿಷನ್ ಕೆಳಗಿನ ಡಬ್ಬದಿಂದ ಒಂದು ಹೊಸ ಕೇಬಲ್ ತೆಗೆದು ನನ್ನ ಮಡಿಲಿಗೆ ಹಾಕಿದರು. ತಾವೇ ಕೂತು ಬೆಸುಗೆ ಹಾಕಿದ್ದಂತೆ. ಎರಡೂ ತುದಿಗೆ ಹಸಿರು ರೆಕ್ಸಿನ್ ಸುತ್ತಿ ಹೊಲಿದಿದ್ದರು. "ಇನ್ನು ಲೂಸಾಗಲ್ಲ ನೋಡು. ನನ್ ಕಥೆ ಆಯ್ತು. ನಾಳೆ ಕೇಬಲ್ ಸರಿಯಿಲ್ಲ ಅಂತ ಮಂಜು ನಿನ್ನೂ ಇಳಿಸಿಬಿಟ್ರೆ?" ಅಂದರು. ಇದೇ ಸಮಯ ಅಂತ ಹೇಳಿಯೇಬಿಟ್ಟೆ. "ಭಾಯ್, ಕೇಬಲ್ ಸರಿಯಾಗೇ ಇತ್ತು. ನಾನೇ ವಾಲ್ಯೂಮ್ ಇಳಿಸಿದ್ದೆ. ತಪ್ಪಾಯ್ತು." ಹೇಳಿದ್ದು ಮಾತ್ರ ತಲೆ ತಗ್ಗಿಸಿ, ತುಟಿ ಕಾಣದ ಹಾಗೆ, ಒಳ್ಳೆಯ ಕಿವಿಯವರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ.

"ಏನಂದೆ?" ಅಂತ ಮುಂದಕ್ಕೆ ಬಗ್ಗಿದರು.

"ಟೀಗೆ ಸಕ್ಕರೆ ಬೇಡ ಅಂದೆ!" ಅಂತ ಇಡೀ ರಸ್ತೆಗೆ ಕೇಳುವ ಹಾಗೆ ಕೂಗಿದೆ.

ಭಾಯ್ ನನ್ನ ಒದ್ದೆ ಕಣ್ಣು ನೋಡಿದರು. ಅವರ ಮುಖ ಸಪ್ಪಗಾಯಿತು. "ಶುಗರ್ ಬಂತೇನೋ ನಿಂಗೂ?" ಅಂದರು. ನಾನು ಮತ್ತೆ ತಲೆ ಆಡಿಸಿದೆ.

ಈಗ ಪ್ರತಿ ಭಾನುವಾರ ಹೋಗುತ್ತೇನೆ. ನಾನು ಹಲಗೆ ಕುಟ್ಟುವ ಮೊದಲೇ ಭಾಯ್ ನನಗೊಂದು ಸಕ್ಕರೆ ಇಲ್ಲದ ಟೀ ಹೇಳಿರುತ್ತಾರೆ, ಕುಡಿಯುವವರೆಗೂ ಎದುರಿಗೆ ಕೂತು ನೋಡುತ್ತಾರೆ, ಕಾಲಿಗೆ ಗಾಯ ಆಗದ ಹಾಗೆ ನೋಡಿಕೋ ಅಂತ ಬುದ್ಧಿ ಹೇಳುತ್ತಾರೆ. ಆರ್ಕೆಸ್ಟ್ರಾದಲ್ಲಿ ನಾನು ಇನ್ನೂ ಇದ್ದೇನೆ. ಹಿಂದಿನ ಸೀಟು, ಅದೇ ಹೂವಿನ ಚೀಲ. ಬಾಕ್ಸಿನ ಮುಂದೆ ಯಾರೂ ಕೂರುವುದಿಲ್ಲ. ನಾನು ನುಡಿಸಿದರೂ, ನುಡಿಸದಿದ್ದರೂ, ಈಗ ನಿಜವಾಗಿಯೂ ಯಾರಿಗೂ ಗೊತ್ತಾಗುವುದಿಲ್ಲ. ಭಾಯ್ ಕೊಟ್ಟ ಕೇಬಲ್ಲನ್ನೇ ಹಾಕುತ್ತೇನೆ. ತುಂಬಾ ಒಳ್ಳೆಯ ಕೇಬಲ್ಲು. ಇವತ್ತಿನವರೆಗೆ ಒಂದು ದಿನವೂ ಕೈಕೊಟ್ಟಿಲ್ಲ.